ಸಿಗರೇಟು ಮುಟ್ಟದ ಹೆಂಗಸರಿಗೂ ಶ್ವಾಸಕೋಶದ ಕ್ಯಾನ್ಸರ್: ಹಾರ್ಮೋನ್ ಪಾತ್ರವೇನು?

ಶಿವಾಜಿನಗರ: ಬೀಡಿ, ಸಿಗರೇಟು ಸೇದುವವರಿಗೆ ಮಾತ್ರ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅನ್ನೋ ನಂಬಿಕೆ ಇದೆ. ತಂಬಾಕು ಈ ಕಾಯಿಲೆಗೆ ಅತಿ ದೊಡ್ಡ ಕಾರಣ ನಿಜ. ಆದರೆ ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಬಂದ ಹೆಂಗಸರಲ್ಲಿ ಹೆಚ್ಚಿನವರು ಧೂಮಪಾನ ಮಾಡದವರೇ. ಅಡುಗೆ ಒಲೆಯ ಹೊಗೆ, ಮನೆಯವರು ಸೇದುವ ಸಿಗರೇಟಿನ ಹೊಗೆ, ರಸ್ತೆಯ ಹೊಗೆ ಇದಕ್ಕೆ ಕಾರಣಗಳು. ಇವುಗಳ ಜೊತೆ ಸ್ತ್ರೀ ಹಾರ್ಮೋನಿನ ಪಾತ್ರವೂ ಇದೆ ಎಂದು ಸಂಶೋಧಕರು ಗುರುತಿಸಿದ್ದಾರೆ.

ಈಸ್ಟ್ರೊಜೆನ್ ಏನು ಮಾಡುತ್ತೆ?

ಈಸ್ಟ್ರೊಜೆನ್ ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗುವ ಹಾರ್ಮೋನ್. ಗಂಡಸರ ದೇಹದಲ್ಲೂ ಸ್ವಲ್ಪ ಇರುತ್ತೆ. ಇದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಶ್ವಾಸಕೋಶದ ಜೀವಕೋಶಗಳಲ್ಲೂ ಇವೆ. ಗೆಡ್ಡೆಯ ಜೀವಕೋಶಕ್ಕೆ ಈಸ್ಟ್ರೊಜೆನ್ ಅಂಟಿದಾಗ ಬೆಳೆಯುವ ಸೂಚನೆ ಸಿಗಬಹುದು. ಕೆಲವು ಗೆಡ್ಡೆಗಳು ಅರೊಮಟೇಸ್ ಎಂಬ ಕಿಣ್ವದಿಂದ ತಾವೇ ಈಸ್ಟ್ರೊಜೆನ್ ತಯಾರಿಸಿಕೊಳ್ಳುತ್ತವೆ. ಹಾಗಂತ ಹಾರ್ಮೋನ್ ಒಂದರಿಂದಲೇ ಕ್ಯಾನ್ಸರ್ ಬರುತ್ತೆ ಎಂದು ಸಾಬೀತಾಗಿಲ್ಲ.

ಮಾತ್ರೆ ತಗೊಳ್ಳುವವರು ಹೆದರಬೇಕೇ?

ಮುಟ್ಟು ನಿಂತ 16,608 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ತೆಗೆದುಕೊಂಡವರಲ್ಲಿ ಹೊಸದಾಗಿ ಶ್ವಾಸಕೋಶದ ಕ್ಯಾನ್ಸರ್ ಬಂದವರ ಸಂಖ್ಯೆ ಗಮನಾರ್ಹವಾಗಿ ಏರಲಿಲ್ಲ. ಆದರೆ ಆ ಕಾಯಿಲೆಯಿಂದ ಸತ್ತವರು 73 ಮಂದಿ; ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 40. ಈಸ್ಟ್ರೊಜೆನ್ ಮಾತ್ರ ತೆಗೆದುಕೊಂಡವರ ಇನ್ನೊಂದು ಅಧ್ಯಯನದಲ್ಲಿ ಸಾವು ಹೆಚ್ಚಾಗಲಿಲ್ಲ. ಆದ್ದರಿಂದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಅಂಗಡಿಯಲ್ಲಿ ಕೇಳಿ ತಾವಾಗಿಯೇ ಶುರು ಮಾಡಲೂಬಾರದು. ಸಿಗರೇಟು ಸೇದುವವರು, ಹಿಂದೆ ಸೇದುತ್ತಿದ್ದವರು ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಕೆಮ್ಮು ಬಿಡದಿದ್ದರೆ

ಟಿನ್ ಫ್ಯಾಕ್ಟರಿ, ಹಳೇ ಮದ್ರಾಸ್ ರಸ್ತೆಯಂಥ ಕಡೆ ದಿನವಿಡೀ ಅಂಗಡಿಯಲ್ಲಿ ಕೂರುವವರು ಕೆಮ್ಮು ಬಂದರೆ "ಧೂಳಿಗೆ ಬಂದಿರೋದು" ಅಂತ ಸುಮ್ಮನಾಗ್ತಾರೆ. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಏದುಸಿರು, ಎದೆನೋವು ಇದ್ದರೆ ತಡ ಮಾಡಬಾರದು. ಮೊದಲು ಕ್ಷಯದ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಶಿವಾಜಿನಗರದವರಿಗೆ ಬೌರಿಂಗ್, ಇಂದಿರಾನಗರ ಮತ್ತು ಹಲಸೂರಿನವರಿಗೆ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಹತ್ತಿರ.

ಎರಡೂ ಕಾಯಿಲೆಗಳ ಲಕ್ಷಣ ಒಂದೇ ಥರ ಇರುವುದರಿಂದ ಕ್ಯಾನ್ಸರನ್ನು ಕ್ಷಯ ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವುದುಂಟು. ಕಫದಲ್ಲಿ ಕ್ಷಯ ಇಲ್ಲ ಅಂತ ಬಂದರೂ ಕೆಮ್ಮು ನಿಲ್ಲದಿದ್ದರೆ, ಅಥವಾ ಕ್ಷಯದ ಮಾತ್ರೆಗೂ ಗುಣ ಕಾಣದಿದ್ದರೆ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಮುಂದಿನ ಚಿಕಿತ್ಸೆಗೆ ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾದರೆ ಇಜಿಎಫ್‌ಆರ್ ಪರೀಕ್ಷೆಯ ಬಗ್ಗೆಯೂ ವಿಚಾರಿಸಬೇಕು. ಧೂಮಪಾನ ಮಾಡದ ಹೆಂಗಸರಲ್ಲಿ ಈ ಜೀನ್ ಬದಲಾವಣೆ ಹೆಚ್ಚು ಕಾಣಿಸುತ್ತೆ, ಅದಕ್ಕೆ ಬೇರೆಯೇ ಮಾತ್ರೆಗಳಿವೆ. ಹಾರ್ಮೋನ್ ತಡೆಯುವ ಔಷಧ ಮಾತ್ರ ಈ ಕ್ಯಾನ್ಸರಿಗೆ ಇನ್ನೂ ವಾಡಿಕೆಯ ಚಿಕಿತ್ಸೆ ಆಗಿಲ್ಲ.