ಬಾರಕೂರಿನ ದಾರಿ, ಬೊಗಸೆ ನೀರು

ಯುರೋಪಿನ ಐದಾರು ಊರುಗಳನ್ನು ಹದಿನೈದು ದಿನದಲ್ಲಿ ಸುತ್ತಿ ಬರುವುದೆಂದು ಕುಂದಾಪುರದ ಒಂದು ಮನೆಯವರು ನಿಶ್ಚಯಿಸಿದರೆ ಮೊದಲು ಮೇಜು ತುಂಬುವುದು ಕಾಗದಪತ್ರ. ಷೆಂಗೆನ್ ವೀಸಾದ ಅರ್ಜಿ, ಬ್ಯಾಂಕಿನ ಲೆಕ್ಕ, ಕಡಿಮೆಯೆಂದರೂ 30,000 ಯೂರೋ ಮೊತ್ತದ ಪ್ರಯಾಣ ವಿಮೆ, ಯಾವ ರಾತ್ರಿ ಯಾವ ಊರಲ್ಲಿ ತಂಗುತ್ತೇವೆ ಎಂಬುದಕ್ಕೆ ಹೋಟೆಲಿನ ಚೀಟಿ. ಆಮೇಲೆ ದಿನದ ಲೆಕ್ಕ: ರೋಮಿಗೆ ಎರಡು ದಿನ, ಮುಂದಿನ ಊರಿಗೆ ರೈಲು, ಎಲ್ಲಿ ನಡೆಯುವುದು, ಎಲ್ಲಿ ಸೈಕಲ್ ತುಳಿಯುವುದು. ಪ್ರಯಾಣದ ಯೋಜನೆ ಅಂದರೆ ಹೊರಟವರು ಹಾಕುವುದು ಎಂದು ಹೀಗೆ ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗಿನ ಕರಾವಳಿಯಲ್ಲಿ ಶತಮಾನಗಳ ಕಾಲ ಊರಿಂದೂರಿಗೆ ನಡೆದ ಓಡಾಟವನ್ನು ನೋಡಿದರೆ ಇದು ತಲೆಕೆಳಗು. ಇಲ್ಲಿ ಯೋಜನೆ ಹಾಕುತ್ತಿದ್ದವರು ದಾರಿಯ ಮೇಲಿನ ಊರಿನವರು. ಪ್ರಯಾಣಿಕ ಬರುವುದಕ್ಕೆ ಮುಂಚೆಯೇ ಅವನ ನೀರು, ನೆರಳು, ದೋಣಿ, ಅನ್ನ ಎಲ್ಲವೂ ಸಿದ್ಧವಾಗಿರುತ್ತಿದ್ದವು. ಹೆಸರಾಂತ ಪ್ರವಾಸಿಗಳ ಧೈರ್ಯವನ್ನು ಹೊಗಳುವ ನಾವು ಈ ಸಿದ್ಧತೆಯನ್ನು ಮರೆತಿದ್ದೇವೆ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಮೊರಾಕ್ಕೊದ ಇಬ್ನ್ ಬತೂತ. ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆಂದು 1342ರಲ್ಲಿ ದಿಲ್ಲಿ ಬಿಟ್ಟ ಅವನು ಪಡುವಣ ಕರಾವಳಿಗುಂಟ ಹಡಗಿನಲ್ಲಿ ತೆಂಕಣಕ್ಕೆ ಸಾಗಿದ. ಹೊನ್ನಾವರ ದಾಟಿದ ಮೇಲೆ ಅವನ ಬರಹದಲ್ಲಿ ಬರುವ 'ಅಬೂ ಸರೂರ್' ನಮ್ಮ ಬಸ್ರೂರು, 'ಫಾಕನೂರ್' ನಮ್ಮ ಬಾರಕೂರು. ಬಾರಕೂರಿನ ಕಬ್ಬಿಗೆ ಆ ನಾಡಿನಲ್ಲೇ ಸಾಟಿಯಿಲ್ಲ ಎನ್ನುತ್ತಾನೆ. ಆರು ಶತಮಾನ ಕಳೆದ ಮೇಲೆ ಪಕ್ಕದ ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದು, ಮುಚ್ಚಿಯೂ ಹೋದುದನ್ನು ಬಲ್ಲವರಿಗೆ ಆ ಮಾತು ಓದುವಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಗೋವೆಯಿಂದ ಕೊಲ್ಲಂವರೆಗಿನ ನೆಲದಾರಿ ಎರಡು ತಿಂಗಳ ನಡಿಗೆ, ಉದ್ದಕ್ಕೂ ಮರದ ನೆರಳು ಎಂದು ಬರೆಯುತ್ತಾನೆ. ಪ್ರತಿ ಅರ್ಧ ಮೈಲಿಗೆ ಒಂದು ಮರದ ಮನೆ. ಅದರಲ್ಲಿ ಯಾರು ಬೇಕಾದರೂ ಕೂರುವ ಜಗಲಿ, ಪಕ್ಕದಲ್ಲಿ ಬಾವಿ, ಬಾವಿಗೊಬ್ಬ ಮನುಷ್ಯ. ಬಂದವರಿಗೆ ನೀರು ಕೊಡುವುದೇ ಅವನ ಕೆಲಸ. ಕನ್ನಡದಲ್ಲಿ ಇದಕ್ಕೆ ಅರವಟ್ಟಿಗೆ ಎಂಬ ಹಳೆಯ ಮಾತಿದೆ. ಅರ್ಧ ಮೈಲಿಗೊಂದು ಅರವಟ್ಟಿಗೆಯೆಂದರೆ ಅದು ಒಬ್ಬ ಪುಣ್ಯವಂತನ ದಾನದಿಂದ ಆಗುವ ಕೆಲಸವಲ್ಲ. ಬಾವಿ ತೋಡಬೇಕು, ಮಾಡಿಗೆ ವರ್ಷವರ್ಷ ಹೊದಿಸಬೇಕು, ನೀರು ಸೇದುವವನ ಹೊಟ್ಟೆಗೆ ಅಕ್ಕಿಯ ಮುಡಿ ಗೊತ್ತು ಮಾಡಬೇಕು. ಈ ಊರು ಮಾಡಿ ಮುಂದಿನ ಊರು ಬಿಟ್ಟರೆ ದಾರಿ ಅಲ್ಲೇ ತುಂಡಾಗುತ್ತದೆ.

ಈ ದಾರಿಯಲ್ಲಿ ಸರಕು ಹೊರುತ್ತಿದ್ದುದು ಪ್ರಾಣಿಗಳಲ್ಲ, ಮನುಷ್ಯರು. ಒಬ್ಬ ವ್ಯಾಪಾರಿಯ ಹಿಂದೆ ನೂರು ಮಂದಿ ಹೊರೆಯಾಳುಗಳು ಸಾಗುವುದನ್ನು ಬತೂತ ಹೇಳುತ್ತಾನೆ. ಅವರ ಕೈಯಲ್ಲಿದ್ದ ದೊಣ್ಣೆಯನ್ನು ಅವನು ಹತ್ತಿರದಿಂದ ನೋಡಿದ್ದಾನೆ: ದಪ್ಪನೆಯ ಕೋಲು, ಬುಡಕ್ಕೆ ಕಬ್ಬಿಣದ ಕಟ್ಟು, ತುದಿಯಲ್ಲಿ ಕಬ್ಬಿಣದ ಕೊಕ್ಕೆ. ದಣಿವಾದಾಗ ಕೂರಲು ಎಡೆ ಸಿಗದಿದ್ದರೆ ಕೋಲನ್ನು ನೆಲಕ್ಕೆ ಊರಿ ಹೊರೆಯನ್ನು ಕೊಕ್ಕೆಗೆ ನೇತುಹಾಕಿ ಉಸಿರು ಬಿಡುವುದು. ಒಬ್ಬಂಟಿ ಆಳು ಇಳಿಸಿದ ಹೊರೆಯನ್ನು ಮತ್ತೆ ತಲೆಗೇರಿಸಿಕೊಳ್ಳುವುದು ಎಷ್ಟು ಕಷ್ಟವೆಂದು ತಿಳಿದವರೇ ಮಾಡಿಕೊಂಡ ಉಪಾಯವದು. ಹಾಗೆ ನಡೆದವರಿಗೆ ನದಿಗಳು ಬೇರೆ. ಸೀತಾನದಿ ದಾಟಿದರೆ ಮುಂದೆ ಕುಂದಾಪುರದಲ್ಲಿ ವಾರಾಹಿ, ಚಕ್ರಾ, ಸೌಪರ್ಣಿಕಾ ಮೊದಲಾದ ಐದು ಹೊಳೆಗಳು ಸಮುದ್ರದ ಬಾಗಿಲಲ್ಲಿ ಒಟ್ಟಾಗುವ ಪಂಚಗಂಗಾವಳಿ. ಇವತ್ತಿಗೂ ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರಿಗೇ ಇದೆ. ರಸ್ತೆ ಹಿಡಿದರೆ ಹೆಮ್ಮಾಡಿ, ತ್ರಾಸಿ ಸುತ್ತಿಕೊಂಡೇ ಹೋಗಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಯಾವ ಹೊತ್ತಿಗೆ ಕಡವು ದಾಟಬಹುದು, ಯಾವ ಹೊತ್ತಿಗೆ ಕಾಯಬೇಕು ಎಂಬುದನ್ನು ಹೇಳುತ್ತಿದ್ದುದು ಭರತ ಇಳಿತ, ಮತ್ತು ಅದನ್ನು ಬಲ್ಲ ದೋಣಿಯವನು. ದೂರದೂರಿಂದ ಬಂದವನ ಲೆಕ್ಕಾಚಾರ ಎಷ್ಟೇ ಗಟ್ಟಿಯಿದ್ದರೂ ಹೊಳೆಯ ದಡದಲ್ಲಿ ಅದು ದೋಣಿಯವನ ಕೈಗೆ ಹೋಗುತ್ತಿತ್ತು.

ಬತೂತನ ನಂತರ ಸುಮಾರು 280 ವರ್ಷಕ್ಕೆ ಯುರೋಪಿನಿಂದಲೇ ಒಬ್ಬ ಬಂದ. ರೋಮಿನ ಪಿಯೆತ್ರೊ ದೆಲ್ಲ ವಾಲ್ಲೆ 1614ರಲ್ಲಿ ವೆನಿಸಿನಲ್ಲಿ ಹಡಗು ಹತ್ತಿ, ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಮ್, ಬಾಗ್ದಾದ್, ಪರ್ಷಿಯಾ ಸುತ್ತಿ 1623ರಲ್ಲಿ ಸೂರತ್ತಿಗೆ ಇಳಿದವನು. ಯಾವ ಸರಕಾರದ ಕೆಲಸಕ್ಕೂ ಅಲ್ಲ, ನೋಡುವ ಹಂಬಲಕ್ಕೆ ಊರೂರು ಸುತ್ತಿದವನು. ಇವತ್ತು ಇಲ್ಲಿಂದ ಅಲ್ಲಿಗೆ ಹೋಗುವವರಿಗೆ ಅವನೇ ನಿಜವಾದ ಹಿರಿಯ. ಅಂಥವನೂ ಅದೇ ವರ್ಷ ಗೋವೆಯಿಂದ ಇಕ್ಕೇರಿಗೆ ಹೊರಟದ್ದು ಒಬ್ಬನೇ ಅಲ್ಲ; ಅಲ್ಲಿನ ಅರಸ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರದ ಜೊತೆ ಸೇರಿಕೊಂಡ. ಅದರಲ್ಲಿ ನಾಯಕನ ಕಡೆಯ ರಾಯಭಾರಿ ವಿಠಲ ಶೆಣೈ ಇದ್ದ. 'ವಿತುಲ ಸಿನಯ್' ಎಂದು ದೆಲ್ಲ ವಾಲ್ಲೆ ಅವನ ಹೆಸರನ್ನು ಬರೆದಿಟ್ಟಿದ್ದಾನೆ. ಹಿಂದಿರುಗುವಾಗ ಘಟ್ಟ ಇಳಿದು, ಈಗ ಬೈಂದೂರು ತಾಲ್ಲೂಕಿಗೆ ಸೇರಿದ ಕೊಲ್ಲೂರಿನ ದೇವಸ್ಥಾನ ಕಂಡು, ಅಲ್ಲಿಂದ ಬಸ್ರೂರಿಗೆ ಬಂದ. ಆಗ ಬಸ್ರೂರು ಎರಡು: ಒಳಗಿನ ಮೇಲಿನ ಬಸ್ರೂರಿನಲ್ಲಿ ಊರವರ ಪೇಟೆ, ಕೆಳಗಿನದರಲ್ಲಿ ಪೋರ್ಚುಗೀಸರ ಕೋಟೆ. ಕೊಲ್ಲೂರಿನ ಭಕ್ತರಿಗಾಗಿ, ಬಸ್ರೂರಿನ ವರ್ತಕರಿಗಾಗಿ ಮೊದಲೇ ಸವೆದಿದ್ದ ದಾರಿಯಲ್ಲಿ ಅವನು ಕಾಲಿಟ್ಟ. ಊರುಗಳನ್ನು ಆರಿಸಿಕೊಂಡದ್ದು ಅವನ ಕುತೂಹಲವಿರಬಹುದು. ಒಂದರಿಂದ ಇನ್ನೊಂದಕ್ಕೆ ಮುಟ್ಟಿಸಿದ್ದು ಆ ದಾರಿ.

ಇದಕ್ಕೊಂದು ಆಕ್ಷೇಪ ಸಹಜವಾಗಿ ಬರುತ್ತದೆ. ಒಬ್ಬ ಸುಲ್ತಾನನ ರಾಯಭಾರಿ, ಇನ್ನೊಬ್ಬ ರಾಯಭಾರದ ಜೊತೆಗಾರ; 1801ರಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರು ಹಾದು ಭಟ್ಕಳಕ್ಕೆ ಹೋದ ಫ್ರಾನ್ಸಿಸ್ ಬುಕಾನನ್ ಕೂಡ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಅಧಿಕಾರಿಯೇ. ದೊಡ್ಡವರಿಗೆ ಎಲ್ಲ ಕಾಲದಲ್ಲೂ ಬಾಗಿಲು ತೆರೆಯುತ್ತದೆ, ಸಾಮಾನ್ಯರ ಪಾಡೇನು ಎಂದು ಕೇಳಬಹುದು. ಉತ್ತರ ಯಕ್ಷಗಾನ ಮೇಳಗಳ ತಿರುಗಾಟದಲ್ಲಿದೆ. ಮಂದಾರ್ತಿ, ಮಾರಣಕಟ್ಟೆಯ ಮೇಳಗಳು ಮಳೆ ನಿಂತ ಮೇಲೆ ಹೊರಟರೆ ಮುಂದಿನ ಮಳೆಗಾಲ ಹತ್ತಿರವಾಗುವವರೆಗೆ ಊರಿಂದೂರಿಗೆ ಹೋಗುತ್ತವೆ. ವಾಹನಗಳಿಲ್ಲದ ದಿನಗಳಲ್ಲಿ ಇಡೀ ರಾತ್ರಿ ಕುಣಿದ ಕಲಾವಿದರು ಹಗಲು ಗದ್ದೆಯ ಅಂಚಿನಲ್ಲಿ ನಡೆದು, ವೇಷದ ಪೆಟ್ಟಿಗೆಗಳನ್ನು ಹೊರೆಯಾಳುಗಳು ಹೊತ್ತು, ಹೊಳೆ ದಾಟಿ, ಸಂಜೆಗೆ ಇನ್ನೊಂದು ಬಯಲು ಸೇರಬೇಕಿತ್ತು. ಇವರಾರೂ ಸಿರಿವಂತರಲ್ಲ. ಯಾವ ದಿನ ಎಲ್ಲಿ ಆಟ ಎಂಬುದನ್ನು ಗೊತ್ತು ಮಾಡುವುದು ಹರಕೆ ಹೊತ್ತ ಮನೆ. ಮಂದಾರ್ತಿಯ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾರೆ. ಬಿಡಾರಕ್ಕೆ ಜಾಗ, ಚೌಕಿಗೆ ಚಪ್ಪರ, ಮೇಳಕ್ಕೆಲ್ಲ ಊಟ, ಇವೆಲ್ಲ ಆಡಿಸುವವರ ಹೊಣೆ. ಆರು ತಿಂಗಳ ಇಂಥ ಪ್ರಯಾಣ ಒಬ್ಬ ಯಜಮಾನನ ಡೈರಿಯ ಬಲದಿಂದಷ್ಟೇ ನಡೆಯುವುದಲ್ಲ, ನೂರಾರು ಅಂಗಳಗಳು ಮೊದಲೇ ಒಪ್ಪಿಕೊಂಡಿರುವುದರಿಂದ ನಡೆಯುತ್ತದೆ. ಮನೆಗೆ ಬಂದವರನ್ನು ಕುಂದಾಪುರದ ಕಡೆ ಮೊದಲು ಕೇಳುವುದು 'ಆಸ್ರಿಗೆ ಎಂತ ಬೇಕ್?' ಎಂದು. ಹಳಗನ್ನಡದ ಆಸರು ಎಂದರೆ ದಣಿವು, ಬಾಯಾರಿಕೆ. ಬಂದವನು ನಡೆದೇ ಬಂದಿರುತ್ತಾನೆ, ದಣಿದೇ ಇರುತ್ತಾನೆ ಎಂದು ತಿಳಿದ ನಾಡಿನ ಮಾತದು.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಅದನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗದು. ಬಾವಿಯ ಮನುಷ್ಯ ಎಲ್ಲರಿಗೂ ಒಂದೇ ರೀತಿ ನೀರು ಕೊಡಲಿಲ್ಲ. ಹಿಂದೂಗಳಿಗೆ ಪಾತ್ರೆಯಲ್ಲಿ, ಮುಸಲ್ಮಾನರಿಗೆ ಬೊಗಸೆಗೆ ಎತ್ತಿ ಹೊಯ್ದು, ಸಾಕೆಂದು ಸನ್ನೆ ಮಾಡುವವರೆಗೆ. ಮನೆಯೊಳಗೆ ಸೇರಿಸುತ್ತಿರಲಿಲ್ಲ, ಅನ್ನ ಬಡಿಸಿದರೆ ಬಾಳೆಲೆಯಲ್ಲಿ. ದಾರಿಯುದ್ದಕ್ಕೂ ಮುಸಲ್ಮಾನರ ಮನೆಗಳು ಇಲ್ಲದಿದ್ದರೆ ಮುಸಲ್ಮಾನನೊಬ್ಬ ಇಲ್ಲಿ ಪ್ರಯಾಣ ಮಾಡುವಂತೆಯೇ ಇರಲಿಲ್ಲ ಎಂದು ಬತೂತ ಸ್ಪಷ್ಟವಾಗಿ ಹೇಳುತ್ತಾನೆ. ಹೊರಗಿನವನಿಗೆ ಹೀಗಾದರೆ, ಊರೊಳಗೇ ಬಾವಿಕಟ್ಟೆಯಿಂದ ದೂರ ಇಟ್ಟಿದ್ದ ಜಾತಿಗಳ ಬೊಗಸೆ ಇನ್ನೆಷ್ಟು ದೂರ ನಿಲ್ಲಬೇಕಾಗಿತ್ತೋ. ದಾರಿ ಎಲ್ಲರದಾಗಿದ್ದರೂ ಜಗಲಿ ಎಲ್ಲರದಾಗಿರಲಿಲ್ಲ. ಆದರೆ ಈ ಸತ್ಯ ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ. ಅದರ ಇನ್ನೊಂದು ಮುಖವನ್ನು ತೋರಿಸುತ್ತದೆ. ದಾರಿಯ ಕೀಲಿ ಊರಿನವರ ಕೈಯಲ್ಲಿದ್ದಾಗ ಅವರ ಒಳ್ಳೆಯತನದ ಜೊತೆಗೆ ಅವರ ಕಟ್ಟಳೆಯೂ ಪ್ರಯಾಣಿಕನ ಮೇಲೆ ಬೀಳುತ್ತದೆ.

ಮೂರನೆಯದಾಗಿ, ಇದೆಲ್ಲ ಸುಂಕದ ಆಸೆ, ಆತಿಥ್ಯದ ಹೆಸರಷ್ಟೇ ಎನ್ನುವವರಿದ್ದಾರೆ. ಅದಕ್ಕೂ ಬಾರಕೂರಿನಲ್ಲೇ ಸಾಕ್ಷಿಯಿದೆ. ಕರಾವಳಿಯ ಊರಿನೆದುರು ಹಾದುಹೋಗುವ ಪ್ರತಿ ಹಡಗೂ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಬೇಕು, ಬಂದರಿನ ಹಕ್ಕು ಅದು. ತಪ್ಪಿಸಿಕೊಂಡರೆ ಬೆನ್ನಟ್ಟಿ ಹಿಡಿದು ತರುತ್ತಾರೆ. ಬಾರಕೂರಿನ ಅರಸ ವಾಸುದೇವನ ಬಳಿ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು, ಅವುಗಳ ಮುಖಂಡ ಲೂಲಾ ಎಂಬ ಮುಸಲ್ಮಾನ. ಅವನನ್ನು ಬತೂತ ಕಡಲ್ಗಳ್ಳನೆಂದೇ ಕರೆಯುತ್ತಾನೆ. ಲಾಭದ ಲೆಕ್ಕ ಇತ್ತು, ಬೆದರಿಕೆಯೂ ಇತ್ತು. ಬಾರಕೂರಿನಲ್ಲಿ ಇಳಿದ ಬತೂತನನ್ನೂ ಜೊತೆಯವರನ್ನೂ ವಾಸುದೇವ ಮೂರು ರಾತ್ರಿ ಆದರಿಸಿದ್ದರ ಹಿಂದೆ ದಿಲ್ಲಿಯ ಸುಲ್ತಾನನ ಮೇಲಿನ ಗೌರವವೂ ಹಡಗಿನವರೊಡನೆ ವ್ಯಾಪಾರ ಮಾಡುವ ಆಸೆಯೂ ಇದ್ದವೆಂದು ಅವನೇ ಬರೆದಿದ್ದಾನೆ. ಆದರೂ ಆ ಮೂರು ರಾತ್ರಿಗಳಿಗೆ ಮುನ್ನ ನಡೆದ ಸಂಗತಿಯನ್ನು ಗಮನಿಸಬೇಕು. ಇವತ್ತು ಗಡಿ ದಾಟಲು ನಾವು ನಮ್ಮ ಬ್ಯಾಂಕಿನ ಲೆಕ್ಕವನ್ನು ಮುಂದಿಡುತ್ತೇವೆ. ಜಾಮೀನು ಕೊಡಬೇಕಾದವನು ಬರುವವನೇ. ಬಾರಕೂರಿನಲ್ಲಿ ಜಾಮೀನು ಬಂದದ್ದು ದಡದಿಂದ. ಅತಿಥಿಗಳು ನಿರ್ಭಯವಾಗಿ ಇಳಿಯಲೆಂದು ವಾಸುದೇವ ತನ್ನ ಸ್ವಂತ ಮಗನನ್ನು ಒತ್ತೆಯಾಗಿ ಅವರ ಹಡಗಿಗೆ ಕಳಿಸಿದ. ಅತಿಥಿಗಳು ಊರಿನಲ್ಲಿ ಉಂಡು ಮಲಗಿದಾಗ ಅರಸನ ಆ ಮಗ ಪರದೇಶಿಗಳ ಹಡಗಿನಲ್ಲಿದ್ದ.