ಸ್ಥಳೀಯ ಸರ್ಕಾರ ಡೈರೆಕ್ಟರಿ (ಎಲ್‌ಜಿಡಿ)

ದೇಶದ ರಾಜ್ಯ, ಜಿಲ್ಲೆ, ತಾಲ್ಲೂಕು, ಹಳ್ಳಿಗಳನ್ನೂ ಅಲ್ಲಿ ಆಡಳಿತ ನಡೆಸುವ ಪಂಚಾಯಿತಿ, ಪುರಸಭೆ, ಮಹಾನಗರ ಪಾಲಿಕೆಗಳನ್ನೂ ಒಂದೇ ಕಡೆ ಹುಡುಕಿ ನೋಡಲು ಇರುವ ತಂತ್ರಾಂಶವೇ ಸ್ಥಳೀಯ ಸರ್ಕಾರ ಡೈರೆಕ್ಟರಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯಕ್ಕಾಗಿ ಇದನ್ನು ರೂಪಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಗ್ರಾಮ ಪಂಚಾಯಿತಿಗಳ ಕೆಲಸವನ್ನು ಕಂಪ್ಯೂಟರಿಗೆ ತರಲು ಹೊರಟ ಇ-ಪಂಚಾಯತ್ ಯೋಜನೆಯ ಹಲವು ತಂತ್ರಾಂಶಗಳಲ್ಲಿ ಇದೂ ಒಂದು. ಕಚೇರಿಗಳಲ್ಲಿ ಪೂರ್ತಿ ಹೆಸರು ಹೇಳುವವರು ಕಡಿಮೆ; ‘ಎಲ್‌ಜಿಡಿ ಕೋಡ್ ಎಷ್ಟು?’ ಎಂದೇ ಕೇಳುತ್ತಾರೆ.

ಆ ಕೋಡ್‌ನಲ್ಲೇ ಇದರ ಜೀವಾಳ ಇದೆ. ಡೈರೆಕ್ಟರಿಗೆ ಸೇರಿದ ಪ್ರತಿ ಊರಿಗೂ ಪ್ರತಿ ಸಂಸ್ಥೆಗೂ ಒಂದು ಅಂಕಿ ಸಿಗುತ್ತದೆ. ಕರ್ನಾಟಕದ ಕೋಡ್ 29. ಜನಗಣತಿಯಲ್ಲೂ ಜಿಎಸ್‌ಟಿಯಲ್ಲೂ ರಾಜ್ಯಕ್ಕಿರುವುದು ಇದೇ ಸಂಖ್ಯೆ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ, ಆರು ಲಕ್ಷಕ್ಕೂ ಹೆಚ್ಚು ಹಳ್ಳಿಗಳಿಗೆ ಹೀಗೆ ಅಂಕಿ ಕೊಡಬೇಕಾದ ಅಗತ್ಯ ಏನಿತ್ತು ಎಂಬುದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ರಾಜ್ಯದಲ್ಲಿ ಹೊಸಹಳ್ಳಿಗಳು ಎಷ್ಟಿಲ್ಲ, ರಾಂಪುರಗಳು ಎಷ್ಟಿಲ್ಲ! ಒಂದೇ ಹೊಸಹಳ್ಳಿಯನ್ನು ಒಂದು ಇಲಾಖೆ ‘ಹೊಸಳ್ಳಿ’ ಎಂದು, ಇನ್ನೊಂದು ‘ಹೊಸ ಹಳ್ಳಿ’ ಎಂದು ಬರೆದುಕೊಂಡರೆ ಕಂಪ್ಯೂಟರಿನ ಲೆಕ್ಕದಲ್ಲಿ ಅವು ಎರಡು ಬೇರೆ ಊರುಗಳು. ಪಿಂಚಣಿ ಒಂದು ಪಟ್ಟಿಯಲ್ಲಿ, ಮನೆ ಮಂಜೂರಾತಿ ಇನ್ನೊಂದರಲ್ಲಿ ಉಳಿದು, ಎರಡನ್ನೂ ತಾಳೆ ನೋಡುವುದೇ ಆಗದು.

ಡೈರೆಕ್ಟರಿಯ ಒಳರಚನೆಯಲ್ಲಿ ಮೆಚ್ಚಬೇಕಾದ ವಿಷಯವೆಂದರೆ ಅದು ನೆಲವನ್ನೂ ಸಂಸ್ಥೆಯನ್ನೂ ಬೇರೆಬೇರೆಯಾಗಿ ಕಾಣುತ್ತದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಕಂದಾಯ ಗ್ರಾಮ ಎನ್ನುವುದು ಒಂದು ಸರಪಳಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಗ್ರಾಮ ಪಂಚಾಯಿತಿ ಎನ್ನುವುದು ಇನ್ನೊಂದು. ಹೀಗಾಗಿ ಊರಿಗೂ ಅದೇ ಹೆಸರಿನ ಗ್ರಾಮ ಪಂಚಾಯಿತಿಗೂ ಕೋಡ್ ಒಂದೇ ಅಲ್ಲ. ಪಂಚಾಯಿತಿಯ ವಿವರ ತೆರೆದರೆ ಅದರ ವ್ಯಾಪ್ತಿಗೆ ಬರುವ ಹಳ್ಳಿಗಳೆಲ್ಲ ಪಟ್ಟಿಯಾಗಿ ಕಾಣುತ್ತವೆ. ತಹಶೀಲ್ದಾರರ ಕಚೇರಿಗೂ ಪಂಚಾಯಿತಿ ಕಟ್ಟೆಗೂ ಅಲೆದವರಿಗೆ ಈ ಎರಡು ದಾರಿಗಳ ವ್ಯತ್ಯಾಸ ಗೊತ್ತೇ ಇರುತ್ತದೆ. ತಂತ್ರಾಂಶ ಅದನ್ನು ಇದ್ದ ಹಾಗೆಯೇ ಒಪ್ಪಿಕೊಂಡಿದೆ. ನಗರ ಸ್ಥಳೀಯ ಸಂಸ್ಥೆಗಳು, ಈಶಾನ್ಯದ ಸ್ವಾಯತ್ತ ಜಿಲ್ಲಾ ಮಂಡಳಿಗಳು, ವಿಧಾನಸಭೆ ಹಾಗೂ ಲೋಕಸಭಾ ಕ್ಷೇತ್ರಗಳಿಗೂ ಇದರಲ್ಲಿ ಜಾಗವಿದೆ.

ಹುಡುಕಲು ಲಾಗಿನ್ ಬೇಡ. ಹೆಸರನ್ನೋ ಕೋಡನ್ನೋ ಕೊಟ್ಟು, ಚಿತ್ರದಲ್ಲಿರುವ ಅಕ್ಷರಗಳನ್ನು ಟೈಪ್ ಮಾಡಿದರೆ ವಿವರ ತೆರೆದುಕೊಳ್ಳುತ್ತದೆ. ಜಿಲ್ಲೆಯ ಇಡೀ ಪಟ್ಟಿ ಬೇಕಾದವರು ಅದನ್ನು ಫೈಲ್ ಆಗಿ ಇಳಿಸಿಕೊಳ್ಳಬಹುದು. ಸಂಶೋಧಕರಿಗೂ ಪತ್ರಕರ್ತರಿಗೂ ಇದು ದೊಡ್ಡ ಉಪಕಾರ.

ಆಡಳಿತದ ಗೆರೆಗಳು ಎಷ್ಟು ಬೇಗ ಬದಲಾಗುತ್ತವೆ ಎನ್ನುವುದಕ್ಕೆ ಹರಪನಹಳ್ಳಿ ತಾಲ್ಲೂಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅತ್ತ ಸೇರಿತು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಸಿಕ್ಕಾಗ, ಆ ಸೌಲಭ್ಯ ತಮಗೂ ಬೇಕೆಂದು ಜನ ಹೋರಾಡಿದರು. ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಹರಪನಹಳ್ಳಿಯೂ ಅದರ ಪಾಲಾಯಿತು. ಹೊಲ, ಕೆರೆ, ಮನೆ ಎಲ್ಲವೂ ಇದ್ದಲ್ಲೇ ಇವೆ. ಜಿಲ್ಲೆ ಮಾತ್ರ 24 ವರ್ಷಗಳಲ್ಲಿ ಮೂರು ಸಲ ಬದಲಾಯಿತು. ಇಂಥ ಕಡೆ ಹೆಸರು, ಜಿಲ್ಲೆ ನೋಡಿ ದಾಖಲೆ ಹುಡುಕಿದರೆ ತಪ್ಪುವುದು ಖಂಡಿತ. ಕೋಡ್ ಹಾಗೇ ಉಳಿದು, ಅದು ಯಾವ ಜಿಲ್ಲೆಯ ಅಡಿಯಲ್ಲಿದೆ ಎಂಬ ನಮೂದು ಮಾತ್ರ ಬದಲಾದರೆ ಹಳೆಯ ಕಡತಕ್ಕೂ ಹೊಸದಕ್ಕೂ ಕೊಂಡಿ ತಪ್ಪುವುದಿಲ್ಲ.

ಸಂಸ್ಥೆಯೇ ಹೋಗಿ ಇನ್ನೊಂದು ಬಂದಾಗ ಕೆಲಸ ಇನ್ನೂ ತೊಡಕಿನದು. ಬೆಂಗಳೂರನ್ನೇ ನೋಡಿ. 2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. 2025ರಲ್ಲಿ ಬಿಬಿಎಂಪಿ ಕೊನೆಗೊಂಡು ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಬಂದವು. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರುವುದಂತೂ ರಾಜ್ಯದಲ್ಲಿ ನಡೆಯುತ್ತಲೇ ಇರುತ್ತದೆ. ಆಗ ಹಳೆಯ ಸಂಸ್ಥೆಯ ಕೋಡನ್ನು ಚಾಲ್ತಿಯಿಂದ ತೆಗೆದು, ಹೊಸದಕ್ಕೆ ಕೋಡ್ ಕೊಟ್ಟು, ಯಾವ ಹಳ್ಳಿ ಎಲ್ಲಿ ಸೇರಿತು ಎಂಬುದನ್ನು ಗುರುತಿಸಬೇಕು.

ಈ ತಿದ್ದುಪಡಿಗಳನ್ನು ಮಾಡುವುದು ದೆಹಲಿಯಲ್ಲ, ಆಯಾ ರಾಜ್ಯದ ನೋಡಲ್ ಅಧಿಕಾರಿಗಳು. ಬದಲಾವಣೆಗೆ ಆಧಾರವಾದ ಸರ್ಕಾರಿ ಆದೇಶ ಇಲ್ಲವೇ ರಾಜ್ಯಪತ್ರದ ಪ್ರತಿಯನ್ನೂ ಅವರು ಜೊತೆಗೆ ಸೇರಿಸಬೇಕು. ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಇಲ್ಲಿಯೇ ಇವೆ. ಆದೇಶ ಹೊರಬಿದ್ದ ಕೂಡಲೇ ನಮೂದಾದರೆ ಎಲ್ಲ ಸರಿ; ತಡವಾದರೆ ಕಾಗದದ ಮೇಲೆ ಇಲ್ಲದ ಪಂಚಾಯಿತಿ ಕಂಪ್ಯೂಟರಿನಲ್ಲಿ ಬದುಕಿರುತ್ತದೆ. ಅದರ ಬಿಸಿ ತಟ್ಟುವುದು ಊರಿಗೆ. ಹಣಕಾಸು ಆಯೋಗದ ಅನುದಾನದಲ್ಲಿ ಗ್ರಾಮೀಣ ಮತ್ತು ನಗರ ಸಂಸ್ಥೆಗಳ ಪಾಲು ಬೇರೆಬೇರೆ; ಹಾಗಾಗಿ ಸಂಸ್ಥೆ ಯಾವುದೆಂಬ ನಮೂದು ಸರಿಯಿರಬೇಕು. 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮಸ್ವರಾಜ್ ತಂತ್ರಾಂಶದಲ್ಲಿ ಪಂಚಾಯಿತಿಗಳ ಕ್ರಿಯಾಯೋಜನೆ, ಲೆಕ್ಕಪತ್ರ ನಡೆಯುವುದೂ ಎಲ್‌ಜಿಡಿ ಕೋಡ್ ಆಧಾರದಲ್ಲೇ. ಆದ್ದರಿಂದ ಈ ನಮೂದನ್ನು ಗುಮಾಸ್ತಿಕೆಯ ಕೆಲಸವೆಂದು ಬದಿಗಿಡುವಂತಿಲ್ಲ. ಇಂಗ್ಲಿಷ್ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಹೆಸರು ಬರೆಯಲು ಡೈರೆಕ್ಟರಿಯಲ್ಲಿ ಅಂಕಣವಿದೆ. ಅದನ್ನು ಊರಿನವರು ಉಚ್ಚರಿಸುವಂತೆ, ಕಾಗುಣಿತ ತಪ್ಪದೆ ತುಂಬುವುದೂ ಅಷ್ಟೇ ಮುಖ್ಯ.

ಎಲ್‌ಜಿಡಿಯನ್ನು ಎನ್‌ಐಸಿಯದೇ ಆದ ಇನ್ನೊಂದು ಡೈರೆಕ್ಟರಿಯಾದ ಐಗಾಡ್ ಜೊತೆ ಬೆರೆಸಬಾರದು. ಸಚಿವಾಲಯ, ನ್ಯಾಯಾಲಯ, ಜಿಲ್ಲಾಡಳಿತ ಮೊದಲಾದವುಗಳ ಅಧಿಕೃತ ಜಾಲತಾಣ ಯಾವುದೆಂದು ತಿಳಿಯಬೇಕಾದರೆ ಐಗಾಡ್ ನೋಡಬೇಕು. ನಕಲಿ ತಾಣಗಳ ಕಾಟವಿರುವಾಗ ಅದರ ಉಪಯೋಗ ದೊಡ್ಡದು. ಒಂದು ಹಳ್ಳಿ ಯಾವ ಪಂಚಾಯಿತಿಗೆ, ಆ ಪಂಚಾಯಿತಿ ಯಾವ ತಾಲ್ಲೂಕಿಗೆ ಸೇರಿದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಎಲ್‌ಜಿಡಿಯಲ್ಲಿದೆ.