ಕುರಿಮೇವಾಗಿ ಬಳ್ಳಾರಿ ಜಾಲಿ

ಬಳ್ಳಾರಿ ಜಾಲಿಯು (ಪ್ರೊಸೋಪಿಸ್ ಜೂಲಿಫ್ಲೋರಾ) ಫ್ಯಾಬೇಸೀ ಕುಟುಂಬಕ್ಕೆ ಸೇರಿದ ಮುಳ್ಳುಪೊದೆ ಅಥವಾ ಸಣ್ಣ ಮರ. ಅಮೆರಿಕ ಖಂಡಗಳ ಮೂಲದ ಈ ಸಸ್ಯವು 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದಿತು.

ಬೆಳಗಾವಿ ಜಿಲ್ಲೆಯ ಗೋಕಾಕ ಸೇರಿದಂತೆ ಉತ್ತರ ಕರ್ನಾಟಕದ ಒಣಪ್ರದೇಶಗಳಲ್ಲಿ ಕುರುಬ ಸಮುದಾಯದವರು ದಖನಿ ಕುರಿಗಳನ್ನು ಸಾಕುತ್ತಾರೆ. ಹುಲ್ಲು ಒಣಗುವ ಬೇಸಿಗೆಯಲ್ಲಿ ಜಾಲಿಯ ಕಾಯಿ ಪೂರಕ ಮೇವಾಗಬಲ್ಲದು. ಕುರಿಗಳು ಸಿಹಿಯಾದ ಮಾಗಿದ ಕಾಯಿಯನ್ನು ತಿನ್ನುತ್ತವೆ. ಎಲೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಜೀರ್ಣವಾಗದೆ ಉಳಿದ ಬೀಜಗಳು ಹಿಕ್ಕೆಯೊಡನೆ ಬಿದ್ದು ಮೊಳೆಯುವುದರಿಂದ, ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ ಹೊಲಕ್ಕೂ ಜಾಲಿ ಹಬ್ಬಬಹುದು. ಕಾಯಿಯನ್ನು ಒಣಗಿಸಿ, ಬೀಜಸಹಿತ ಬೀಸಿ ಕೊಟ್ಟರೆ ಈ ಹಾವಳಿ ತಪ್ಪುತ್ತದೆ. ಬೀಜದ ಪ್ರೋಟೀನೂ ದಕ್ಕುತ್ತದೆ. ಬಹುಕಾಲ ಇದನ್ನೇ ಹೆಚ್ಚಾಗಿ ತಿಂದ ದನ, ಮೇಕೆಗಳಲ್ಲಿ ದವಡೆಯ ಸ್ನಾಯುಗಳು ದುರ್ಬಲವಾಗುವುದು ಕಂಡುಬಂದಿರುವುದರಿಂದ, ಇತರ ಮೇವಿನೊಡನೆ ಮಿತವಾಗಿ ಬೆರೆಸುವುದು ಕ್ಷೇಮಕರ.